ಅಕ್ಕ ಕಳಿಸಿದ ಚಂದ್ರ

ಇವತ್ತು ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಫೋನು ಕೈಗೆತ್ತಿಕೊಂಡರೆ, ನನ್ನಲ್ಲಿ ಇನ್ನು ಜಾಗವಿಲ್ಲ ಎಂದು ಅದು ಕೈಚೆಲ್ಲಿ ಕೂತಿತ್ತು. ಪಾಪ, ಅದರದ್ದೇನು ತಪ್ಪು? ನಿನ್ನೆ ಯುಗಾದಿ. ಬಂದಿಳಿದ ಮಾವಿನ ತೋರಣಗಳೆಷ್ಟು, ಬೆಳ್ಳಿ ಬಟ್ಟಲ ಬೇವು-ಬೆಲ್ಲಗಳೆಷ್ಟು! ಬಾಯಿಗೆ ಬೇವಿನ ಹೂ ಹಾಕಿಕೊಂಡವರು ಎಷ್ಟು ಜನವೋ ಗೊತ್ತಿಲ್ಲ, ಚಿತ್ರ ಕಳಿಸಿದವರು ಮಾತ್ರ ಊರಿಗೆ ಊರೇ. ನಾನೂ ಕಳಿಸಿದೆ ಅನ್ನಿ. ಒಬ್ಬರು ಕಳಿಸಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಹೊನ್ನಾಳಿಯಲ್ಲೇ ಇಲ್ಲ.

ಬೇಡದ್ದನ್ನು ಅಳಿಸಿ ಎಂದು ಫೋನು ಹೇಳಿತು. ಸರಿ, ಕನ್ನಡಕ ಏರಿಸಿಕೊಂಡು ಅಳಿಸುತ್ತಾ ಕೂತೆ. ಐವತ್ತು ದಾಟಿದ ಮೇಲೆ ಮನುಷ್ಯರಿಗೆ ಇದೊಂದು ಉದ್ಯೋಗ, ಯಾರೋ ಹೊರಿಸಿದ್ದನ್ನು ಇಳಿಸುತ್ತಾ ಕೂರುವುದು. ಇಲಾಖೆಯ ಗ್ರೂಪಿನ ‘ಇಂದೇ ಮಾಹಿತಿ ಸಲ್ಲಿಸಿ’ಗಳು ಹೋದವು, ಸಕ್ಕರೆ ಕಾಯಿಲೆಗೆ ಹಾಗಲಕಾಯಿ ಕಷಾಯ ಹೋಯಿತು, ಯಾರದೋ ಮದುವೆಯ ನೂರಾರು ಫೋಟೋಗಳು ಹೋದವು. ಹಾಗೇ ಕೆಳಗಿಳಿಯುತ್ತಾ ಹೋದಂತೆ ನಮ್ಮ ಮನೆಯ ಗ್ರೂಪಿನ ಚಿತ್ರಗಳು ಬಂದವು. ಅಲ್ಲಿ ನನ್ನ ಬೆರಳು ನಿಂತಿತು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಗ್ರೂಪು ಇದ್ದೇ ಇರುತ್ತದೆ. ನಮ್ಮದರ ಹೆಸರು ‘ಒಂದೇ ಬಳ್ಳಿ’. ಬಳ್ಳಿಗೆ ನಾಲ್ಕು ಕುಡಿ. ಎಲ್ಲರಿಗಿಂತ ದೊಡ್ಡವಳು ಗಂಗಕ್ಕ, ಜಗಳೂರಿಗೆ ಕೊಟ್ಟದ್ದು. ಭಾವನದು ಅಲ್ಲಿ ಹಿಟ್ಟಿನ ಗಿರಣಿ. ಆಮೇಲೆ ನಾನು, ಹೊನ್ನಾಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ತಮ್ಮ ರುದ್ರೇಶ ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರಿ, ಅವ್ವ ಅವನ ಮನೆಯಲ್ಲಿದ್ದಾಳೆ. ಕೊನೆಯವಳು ನಾಗವೇಣಿ, ನ್ಯಾಮತಿಯಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ನ್ಯಾಮತಿ ತಾಲ್ಲೂಕಾದ ದಿನ ಅದೆಲ್ಲ ತನ್ನಿಂದಲೇ ಆಯಿತೇನೋ ಎಂಬಂತೆ ಇವಳು ಎಲ್ಲರಿಗೂ ಪೇಡೆ ಹಂಚಿದ್ದಳು. ಬಸ್ಸು ಹತ್ತಿದರೆ ಯಾರೂ ಯಾರಿಗೂ ಅರ್ಧ ದಿನಕ್ಕಿಂತ ದೂರವಿಲ್ಲ. ಆದರೂ ಗ್ರೂಪು ಬಂದ ಮೇಲೆ ಬಸ್ಸು ಹತ್ತುವುದು ನಿಂತುಹೋಗಿತ್ತು. ದಿನಾ ಬೆಳಿಗ್ಗೆ ಕಾಣುವವರನ್ನು ಹೋಗಿ ಏನು ನೋಡುವುದು ಎಂಬ ಭಾವನೆ.

ಅದರಲ್ಲೂ ಗಂಗಕ್ಕ ತಪ್ಪದೆ ಕಾಣುತ್ತಿದ್ದಳು. ಕೋಳಿ ಕೂಗುವುದು ತಪ್ಪೀತು, ಅಕ್ಕನ ಶುಭೋದಯ ತಪ್ಪುತ್ತಿರಲಿಲ್ಲ. ಅದರಲ್ಲೂ ಅವಳದು ಒಂದು ಕ್ರಮ. ಸೋಮವಾರ ಶಿವ, ಶುಕ್ರವಾರ ಲಕ್ಷ್ಮಿ, ಶನಿವಾರ ಹನುಮಂತ, ಉಳಿದ ದಿನ ಗುಲಾಬಿಯೋ ಗಿಳಿಯೋ. ಎಲ್ಲಿಂದ ಹುಡುಕಿ ತೆಗೆಯುತ್ತಿದ್ದಳೋ. ಅದು ಬಂದರೆ ಜಗಳೂರಿನಲ್ಲಿ ಎಲ್ಲ ಕ್ಷೇಮ ಎಂದು ಅರ್ಥ. ನಾವು ಕೈಮುಗಿದ ಗುರುತೊಂದನ್ನು ಒತ್ತಿ ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತಿದ್ದೆವು.

ಹೋದ ವರ್ಷ ಶಿವರಾತ್ರಿಯ ಆಚೀಚೆ ಈ ಕ್ರಮ ತಪ್ಪಿತು. ಬುಧವಾರ ಹನುಮಂತ ಬಂದ. ಸಂಕ್ರಾಂತಿ ಕಳೆದು ಎಷ್ಟೋ ದಿನವಾದ ಮೇಲೆ ಎಳ್ಳು-ಬೆಲ್ಲ ಬಂತು. ಒಂದು ದಿನ ಬೆಳಗಿನ ಆರು ಗಂಟೆಗೆ, ಕಪ್ಪು ಆಕಾಶದಲ್ಲಿ ಹುಣ್ಣಿಮೆ ಚಂದ್ರ, ಕೆಳಗೆ ‘ಶುಭರಾತ್ರಿ’. ನಾವು ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲಿ ನೀರು ಬರುವಂತೆ ನಗುವ ಹಳದಿ ಮುಖಗಳು ಸಾಲಾಗಿ ಬಿದ್ದವು, ಅದರಲ್ಲಿ ಒಂದು ನನ್ನದು. ರುದ್ರೇಶ ಮಾತಿನ ಮಲ್ಲ, ‘ಅಕ್ಕನಿಗೆ ಇನ್ನೂ ಬೆಳಕು ಹರಿದಿಲ್ಲ’ ಎಂದು ಬರೆದ. ಅಕ್ಕ ಅದಕ್ಕೂ ಕೈಮುಗಿದಳು.

ಅದೇ ದಿನಗಳಲ್ಲಿ ನಮ್ಮ ಸ್ಕೂಲಿನ ಫಿಲೋಮಿನಾ ಟೀಚರು ಹಣೆಯ ಮೇಲೆ ಬೂದಿ ಹಚ್ಚಿಕೊಂಡು ಬಂದರು. ಅವರದು ಕ್ರೈಸ್ತರ ಮನೆ. ಈಸ್ಟರ್ ಹಬ್ಬಕ್ಕೆ ಮುಂಚೆ ಅವರಿಗೆ ತಪಸ್ಸಿನ ಕಾಲ, ಅದು ಶುರುವಾಗುವ ದಿನವನ್ನು ವಿಭೂತಿ ಬುಧವಾರ ಅನ್ನುತ್ತಾರೆ. ಮೂರು ಬೆರಳ ವಿಭೂತಿ ಹಚ್ಚುವ ನಮ್ಮ ಹೆಡ್‌ಮಾಸ್ಟರು, ‘ಬರ್ರಿ ಬರ್ರಿ, ನಮ್ಮ ಪೈಕಿ ಆದ್ರಲ್ಲ’ ಎಂದು ಪ್ರತಿ ವರ್ಷದ ಜೋಕನ್ನು ಪ್ರತಿ ವರ್ಷದಂತೆ ಹೇಳಿದರು. ಟೀಚರು ಪ್ರತಿ ವರ್ಷದಂತೆ ನಕ್ಕರು. ಆ ಕಾಲದಲ್ಲಿ ಅವರ ಮನೆಯಲ್ಲಿ ಒಬ್ಬರು ಮಾಂಸ ಬಿಡುತ್ತಾರೆ, ಒಬ್ಬರು ಸಿಹಿ. ಆ ಸಲ ಮಾತ್ರ ಮನೆಮಂದಿಯೆಲ್ಲ ಸೇರಿ ಫೋನಿನ ಗ್ರೂಪು, ರೀಲು, ಸ್ಟೇಟಸ್ಸು ಬಿಟ್ಟರಂತೆ. ವಾರ ಕಳೆದ ಮೇಲೆ ಒಂದು ದಿನ, ‘ಮಟನ್ ಬಿಡೋದು ಸುಲಭ ಆಗಿತ್ತು ಮೇಡಂ. ಈಗ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತಿರ್ತೀವಿ. ಏನು ಮಾತಾಡ್ಬೇಕು ಅಂತ ಗೊತ್ತಾಗ್ತಿಲ್ಲ’ ಎಂದರು. ನನಗೆ ಆ ಮಾತು ಬಹಳ ಹಿಡಿಸಿತು. ಅದನ್ನು ಹಾಗೇ ಬರೆದು ನನ್ನ ಸ್ಟೇಟಸ್ಸಿಗೆ ಹಾಕಿಕೊಂಡೆ.

ಯುಗಾದಿಗೆ ಚನ್ನಗಿರಿಗೆ ಹೋದೆವು. ಅಕ್ಕ ಬರಲಿಲ್ಲ, ಗಿರಣಿ ಬಿಟ್ಟು ಬರಾಕೆ ಆಗಲ್ಲ ಅಂತ ಹೇಳಿ ಕಳಿಸಿದ್ದಳು. ನಮ್ಮ ಕಡೆ ಯುಗಾದಿ ಎಂದರೆ ಹೋಳಿಗೆಗಿಂತ ಮಾರನೆಯ ಸಂಜೆಯ ಚಂದ್ರ ದೊಡ್ಡದು. ಅಮಾವಾಸ್ಯೆ ಕಳೆದು ಮೊದಲು ಮೂಡುವ ಎಳೆಚಂದ್ರನನ್ನು ಹುಡುಕಿ ನೋಡಿ, ಕೈಮುಗಿದು, ಹಿರಿಯರ ಕಾಲಿಗೆ ಬಿದ್ದರೆ ವರ್ಷ ಶುರುವಾದಂತೆ. ಅವನು ದಾರದ ಎಳೆಯಷ್ಟಿರುತ್ತಾನೆ, ಮೂಡಿದ್ದು ಮುಳುಗಿದ್ದು ಗೊತ್ತಾಗುವುದಿಲ್ಲ. ನಾವು ಚಿಕ್ಕವರಿದ್ದಾಗ ಇಡೀ ಬೀದಿಗೆ ಮೊದಲು ಚಂದ್ರನನ್ನು ಕಾಣುತ್ತಿದ್ದವಳು ಗಂಗಕ್ಕ. ದೊಡ್ಡವರೆಲ್ಲ ಹುಬ್ಬಿಗೆ ಕೈಹಚ್ಚಿ ತಡಕಾಡುತ್ತಿದ್ದರೆ ಇವಳು ಲಂಗ ಎತ್ತಿಕಟ್ಟಿ ಕಟ್ಟೆ ಹತ್ತಿ, ‘ಅಗೋ!’ ಅನ್ನುತ್ತಿದ್ದಳು. ಆಮೇಲೆ ನನ್ನ ಗದ್ದ ಹಿಡಿದು ತಿರುಗಿಸಿ, ‘ಆ ಹುಣಸೆಮರದ ತುದಿ ನೋಡು, ಅದರ ಎಡಕ್ಕೆ, ಇನ್ನೊಂದೀಟು ಮ್ಯಾಲೆ, ಕಂಡ್ತಾ?’ ಎಂದು ಕೇಳುತ್ತಿದ್ದಳು. ನನಗೆ ಒಂದು ವರ್ಷವೂ ಕಾಣುತ್ತಿರಲಿಲ್ಲ. ಆಗಲೇ ಕನ್ನಡಕ ಬೇಕಿತ್ತೋ ಏನೋ, ಯಾರಿಗೆ ಗೊತ್ತು. ಚಂದ್ರ ಕಂಡವರಿಗೆ ಮಾತ್ರ ಅವ್ವ ಕೈಗೆ ಕೊಬ್ಬರಿ-ಸಕ್ಕರೆ ಇಡುತ್ತಿದ್ದದ್ದರಿಂದ ನಾನು ‘ಕಂಡ್ತು’ ಅಂದುಬಿಡುತ್ತಿದ್ದೆ.

ಹೋದ ವರ್ಷ ಆ ಸಂಜೆ ರುದ್ರೇಶನ ಮನೆಯ ತಾರಸಿಯ ಮೇಲೆ ನಾವೆಲ್ಲ ನಿಂತಿದ್ದೆವು. ಎಲ್ಲರ ಕೈಯಲ್ಲೂ ಫೋನು. ಚಂದ್ರನನ್ನು ಯಾರೂ ಕಣ್ಣಿಂದ ನೋಡಲಿಲ್ಲ, ಹಿಡಿದು ಹಿಗ್ಗಿಸಿ ನೋಡಿದರು. ಹಿಡಿದವರು ಹಿಡಿದಂತೆ ಗ್ರೂಪಿಗೆ ಹಾಕಿ, ತಲೆ ತಗ್ಗಿಸಿ, ಬಂದ ಉತ್ತರ ಓದುತ್ತಾ ನಿಂತರು. ಅವ್ವ ಕೊಬ್ಬರಿ-ಸಕ್ಕರೆ ಬಟ್ಟಲು ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ಕಾಲಿಗೆ ಬೀಳುವವರಿಗಾಗಿ ಕಾಯುತ್ತಿದ್ದಳು ಪಾಪ.

‘ಗಂಗಿ ಹೆಂಗದಾಳೆ?’ ಎಂದು ಕೇಳಿದಳು.

‘ಚೆನ್ನಾಗದಾಳೆ ಬಿಡವ್ವ, ಬೆಳಿಗ್ಗೆ ಮೆಸೇಜ್ ಬಂದೈತೆ’ ಎಂದ ರುದ್ರೇಶ, ತಲೆಯೆತ್ತದೆ.

‘ಮೆಸೇಜ್ ಹೆಂಗೈತೆ ಅಂತ ಕೇಳಲಿಲ್ಲ ನಾನು.’

 ಆ ಮಾತನ್ನು ಮರೆಸಲು ನಾನೇ ಫಿಲೋಮಿನಾ ಟೀಚರ ಕತೆ ಹೇಳಿದೆ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು, ಯಾಕೆಂದರೆ ಅವ್ವ ಅದನ್ನು ಗಟ್ಟಿಯಾಗಿ ಹಿಡಿದಳು. ‘ಬರೋ ಶ್ರಾವಣಕ್ಕೆ ನಮ್ಮನೇಗೂ ಅದೇ ನೇಮ. ಬದನೇಕಾಯಿ ಬಿಟ್ಟೆ, ಈರುಳ್ಳಿ ಬಿಟ್ಟೆ ಅಂತ ಯಾರೂ ಬರಬ್ಯಾಡ್ರಿ ನನ್ ಹತ್ರ. ಬಿಡಾದಿದ್ರೆ ಇದನ್ನ ಬಿಡ್ರಿ’ ಎಂದಳು.

ಶ್ರಾವಣದಲ್ಲಿ ಏನಾದರೊಂದನ್ನು ಬಿಡುವುದು ನಮ್ಮ ಮನೆತನದ ಪದ್ಧತಿ. ಆದರೆ ನಮ್ಮ ಪದ್ಧತಿಗೆ ಅವ್ವನ ಒಂದು ಬಾಲ ಇದೆ. ಬಿಟ್ಟದ್ದು ಉಳಿಯುತ್ತದಲ್ಲ, ಅದನ್ನು ಇಟ್ಟುಕೊಳ್ಳುವಂತಿಲ್ಲ, ಯಾರಿಗಾದರೂ ಕೊಡಬೇಕು. ಅಪ್ಪ ಒಂದು ಶ್ರಾವಣ ಚಹಾ ಬಿಟ್ಟಾಗ ಅವರ ಪಾಲಿನ ಹಾಲು ಪಕ್ಕದ ಮನೆಯ ಬಾಣಂತಿಗೆ ಹೋಯಿತು. ನಾನು ಬೆಲ್ಲ ಬಿಟ್ಟಾಗ ನನ್ನ ಪಾಲಿನ ಬೆಲ್ಲ ನಾಗವೇಣಿಗೆ ಹೋಯಿತು, ಅವಳು ನನ್ನೆದುರೇ ಕೂತು ತಿಂದಳು. ‘ಸುಮ್ನೆ ಬಿಟ್ರೆ ಅದು ನೇಮ ಅಲ್ಲ, ಬರೀ ಹಸಿವು’ ಅನ್ನುವುದು ಅವ್ವನ ಮಾತು.

‘ಹಂಗಾದ್ರೆ ಫೋನ್ ಬಿಟ್ರೆ ಏನವ್ವ ಉಳಿಯೋದು? ಏನ್ ಕೊಡೋದು?’ ಎಂದು ನಾಗವೇಣಿ ಕೇಳಿದಳು.

‘ಹೊತ್ತು ಉಳಿಯಲ್ಲೇನು? ಹೋಗಿ ಒಬ್ಬರ ಮನೇಗೆ ಒಬ್ಬರು ಕೊಟ್ಟು ಬರ್ರಿ.’

ಹಾಗೆ ತೀರ್ಮಾನವಾಯಿತು. ಕರೆ ಮಾಡಬಹುದು, ಗ್ರೂಪು, ರೀಲು, ಸ್ಟೇಟಸ್ಸು ಇಲ್ಲ. ಶ್ರಾವಣ ಹತ್ತಿರ ಬರುತ್ತಿದ್ದಂತೆ ಒಬ್ಬೊಬ್ಬರದೂ ವಕಾಲತ್ತು ಶುರುವಾಯಿತು. ರುದ್ರೇಶನ ಪ್ರಕಾರ ಅಡಿಕೆ ಧಾರಣೆಯ ಗ್ರೂಪು ಗ್ರೂಪೇ ಅಲ್ಲ. ನಾಗವೇಣಿ ಬ್ಲೌಸಿನ ಡಿಸೈನು ಸ್ಟೇಟಸ್ಸಿಗೆ ಹಾಕದಿದ್ದರೆ ಗಿರಾಕಿಗಳು ಶಿವಮೊಗ್ಗಕ್ಕೆ ಹೋಗುತ್ತಾರೆ. ನನಗೋ ಇಲಾಖೆಯ ಗ್ರೂಪು, ಅದನ್ನು ನೋಡದಿದ್ದರೆ ನೋಟಿಸು. ಉಪವಾಸದ ದಿನ ಅವಲಕ್ಕಿ ನಡೆಯುತ್ತದೆ, ಸಾಬಕ್ಕಿ ನಡೆಯುತ್ತದೆ, ಬಾಳೆಹಣ್ಣು ನಡೆಯುತ್ತದೆ ಅನ್ನುತ್ತಾ ಊಟಕ್ಕಿಂತ ಹೆಚ್ಚು ತಿನ್ನುವ ಜನ ನಾವು, ಇಲ್ಲಿ ಬಿಡುತ್ತೇವೆಯೇ? ಯಾವ ತಕರಾರೂ ಮಾಡದೆ ಒಪ್ಪಿಕೊಂಡವಳು ಗಂಗಕ್ಕ ಒಬ್ಬಳೇ. ಅವ್ವ ಫೋನು ಮಾಡಿ ಹೇಳಿದ್ದೇ ತಡ, ‘ಭಾಳ ಒಳ್ಳೇದಾತು ಬಿಡವ್ವ’ ಅಂದಳಂತೆ. ಅಕ್ಕನ ಭಕ್ತಿ ನೋಡಿ ಕಲೀರಿ ಎಂದು ಅವ್ವ ನಮಗೆಲ್ಲ ಹೇಳಿದಳು.

ಶ್ರಾವಣ ಬಂತು. ನಾನು ಫೋನನ್ನು ದೇವರ ಜಗುಲಿಯ ಮೂಲೆಯಲ್ಲಿಟ್ಟೆ. ಅದು ಅಲ್ಲೇ ಗುಂಯ್ ಗುಂಯ್ ಅಂದಾಗಲೆಲ್ಲ ನಮ್ಮ ಯಜಮಾನರು, ‘ನೋಡು, ದೇವರಿಗೆ ಯಾರೋ ಮೆಸೇಜ್ ಹಾಕ್ಯಾರೆ’ ಎಂದು ನಗುತ್ತಿದ್ದರು. ಮೊದಮೊದಲು ಕೈ ಸುಮ್ಮನಿರಲಿಲ್ಲ. ಟಿ.ವಿ. ರಿಮೋಟನ್ನೇ ಎತ್ತಿಕೊಂಡು ಹೆಬ್ಬೆರಳಲ್ಲಿ ಉಜ್ಜಿದ್ದೂ ಉಂಟು. ಆಮೇಲೆ ಬೇರೊಂದು ಗೊತ್ತಾಯಿತು, ನನಗೆ ವಿಪರೀತ ಆಯಾಸವಾಗಿತ್ತು. ಎಷ್ಟೋ ವರ್ಷಗಳ ಆಯಾಸ. ಎಲ್ಲರ ಹುಟ್ಟುಹಬ್ಬಕ್ಕೆ ಹಿಗ್ಗಿ, ಯಾರು ಯಾರದೋ ಸಾವಿಗೆ ಮರುಗಿ, ಎರಡಕ್ಕೂ ಅದೇ ಬೆರಳಿನಲ್ಲಿ ಗುರುತು ಒತ್ತಿ ಒತ್ತಿ ದಣಿದಿದ್ದೆ. ಸಂಜೆ ಸ್ಕೂಲಿಂದ ಬಂದವಳು ತುಂಗಭದ್ರೆಯ ಕಡೆಯ ಗಾಳಿಗೆ ಬಾಗಿಲು ತೆರೆದು ಸುಮ್ಮನೆ ಕೂತುಬಿಡುತ್ತಿದ್ದೆ. ಅವ್ವನ ಲೆಕ್ಕದಲ್ಲಿ ಇದೂ ತಪ್ಪೇ, ಉಳಿದ ಹೊತ್ತನ್ನು ನಾನೇ ತಿಂದಂತೆ. ಫೋನು ಮಾಡಿ, ‘ಯಾರ ಮನೇಗೆ ಹೋಗಿದ್ದೆ?’ ಎಂದು ಕೇಳುತ್ತಿದ್ದಳು. ಹತ್ತಿರದ ನ್ಯಾಮತಿಗೆ ಹೋಗಿ ನಾಗವೇಣಿಯ ಅಂಗಡಿಯಲ್ಲಿ ಕೂತು ಬಂದೆ. ಅದಕ್ಕೆ ಅವ್ವ, ‘ಸಂದಿ ದಾಟಿದ್ದಕ್ಕೆ ಯಾತ್ರೆ ಅನ್ನಬ್ಯಾಡ’ ಅಂದಳು. ಅವಳ ಬಾಯಿಗೆ ಹೆದರಿ ಒಂದು ಸೋಮವಾರ ರಜೆ ಹಾಕಿ ಜಗಳೂರಿಗೆ ಹೊರಟೆ. ಪ್ರೀತಿಯಿಂದ ಹೊರಟೆ ಅಂದರೆ ಸುಳ್ಳಾಗುತ್ತದೆ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿನ ಕಡೆ ತಿರುಗಿದರೆ ಗಾಳಿಯೇ ಬೇರೆ. ರಸ್ತೆಯ ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಕುರಿಮಂದೆ ಅಡ್ಡ ಬಂದು ಬಸ್ಸು ಹತ್ತು ನಿಮಿಷ ನಿಂತಿತು, ಯಾರಿಗೂ ಅವಸರವಿರಲಿಲ್ಲ. ಊರಿಗೆ ಹೋದಾಗ ಮಧ್ಯಾಹ್ನ. ಅಕ್ಕನ ಮನೆ ಗಿರಣಿಯ ಹಿಂಬದಿಗೆ. ಗಿರಣಿ ಓಡುತ್ತಿತ್ತು, ಭಾವ ತಲೆಯಿಂದ ಕಾಲಿನವರೆಗೆ ಬಿಳಿಯಾಗಿ ಒಳಗೆಲ್ಲೋ ಇದ್ದರು. ಆ ಸದ್ದಿನಲ್ಲಿ ದುಡಿದು ದುಡಿದು ಅವರ ಕಿವಿ ಎಂದೋ ಮಂದವಾಗಿದೆ. ನಾನು ಹಿತ್ತಿಲ ಕಡೆಯಿಂದ ಹೋಗಿ ಅಂಗಳದ ಬಿಸಿಲಿನಲ್ಲಿ ನಿಂತೆ. ಅಕ್ಕ ಬಾಗಿಲಲ್ಲೇ ಕೂತಿದ್ದಳು.

‘ಯಾರು?’ ಅಂದಳು.

ವರ್ಷಗಟ್ಟಲೆ ಬರದಿದ್ದವಳಿಗೆ ಸರಿಯಾಗೇ ಕೊಟ್ಟಳು ಅಂದುಕೊಂಡೆ. ನಾನೂ ಬಿಡದೆ, ‘ಎಮ್ಮೆ ಕೊಳ್ಳಾಕೆ ಬಂದೀನ್ರಿ, ಐತೇನು ಯಾವದಾದ್ರೂ?’ ಎಂದೆ. ಧ್ವನಿ ಕೇಳಿದ್ದೇ ಅವಳ ಮುಖ ಅರಳಿತು. ಎದ್ದು ಬಂದವಳು ನನ್ನ ಭುಜ ಮುಟ್ಟಿ, ಅಲ್ಲಿಂದ ಕತ್ತು, ಕತ್ತಿನಿಂದ ಕೆನ್ನೆ ಸವರಿದಳು. ಪ್ರೀತಿ ಉಕ್ಕಿದೆ ಅಂದುಕೊಂಡೆ. ಕೈಕಾಲು ತೊಳೆದು ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತು ಅವಳು ಚಹಾ ಸೋಸುವುದನ್ನು ನೋಡುತ್ತಿದ್ದೆ. ಅಕ್ಕ ಲೋಟದೊಳಗೆ ತೋರುಬೆರಳ ತುದಿ ಇಳಿಬಿಟ್ಟು, ಚಹಾ ಬೆರಳಿಗೆ ಸುಡುವವರೆಗೆ ಸುರಿದು, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಎರಡನೆಯ ಲೋಟಕ್ಕೂ ಹಾಗೇ ಮಾಡಿದಳು. 

‘ಅಕ್ಕಾ, ಕಣ್ಣಿಗೇನಾಗೈತೆ?’

ಅವಳು ಚಹಾದ ಪಾತ್ರೆಯನ್ನು ತಡವಿ ತಡವಿ ಕೆಳಗಿಟ್ಟಳು. ಆಮೇಲೆ ನಕ್ಕಳು. ‘ಬಲಗಣ್ಣಿಂದು ಕತೆ ಮುಗೀತು ಕಣೇ. ಎಡಗಣ್ಣು ಕೊಳವೆಯಾಗಿಂದ ನೋಡಿದಂಗೆ ಈಟೇ ಈಟು ಕಾಣ್ತೈತೆ. ಆತಂಗೆ ಕಿವಿ ಇಲ್ಲ, ನಂಗೆ ಕಣ್ಣಿಲ್ಲ. ಸಂಸಾರ ಚೆಂದಾಗಿ ನಡೀತೈತೆ’ ಎಂದಳು.

ನನಗೆ ಸಿಟ್ಟು ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯದು. ಯಾಕೆ ಹೇಳಲಿಲ್ಲ, ದಿನಾ ಶುಭೋದಯ ಕಳಿಸ್ತಿದ್ದೆಯಲ್ಲ, ಒಂದು ಮಾತು ಹೇಳಾಕೆ ಏನಾಗಿತ್ತು ಎಂದು ಕೂಗಾಡಿದೆ.

‘ಗ್ರೂಪಿನಾಗೆ ಹೆಂಗೆ ಹೇಳ್ಲೇ? ಒಬ್ಬರು ನಂದಬಟ್ಟಲ ಹೂವಿನ ರಸ ಅಂತಿದ್ರಿ, ಒಬ್ಬರು ಕೈಮುಗೀತಿದ್ರಿ. ಅವ್ವಂಗೆ ಫೋನಿನಾಗೆ ಹೇಳಿದ್ರೆ ಉಣ್ಣಾದೇ ಬಿಡ್ತಿತ್ತು. ಯಾರಾದ್ರೂ ಬರ್ತಾರೆ, ಬಂದಾಗ ಹೇಳಿದ್ರಾತು ಅಂತ ಇದ್ದೆ.’ ಲೋಟವನ್ನು ನನ್ನ ದನಿ ಬಂದ ಕಡೆ ಚಾಚಿದಳು. ‘ಯಾರೂ ಬರಲಿಲ್ಲ.’

ದೂರಿನಂತೆ ಹೇಳಲಿಲ್ಲ ಅವಳು. ಈ ವರ್ಷ ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿದಳು. ಫೋನಿನ ಮೇಲೆ ಅಂದಾಜಿನ ಜಾಗದಲ್ಲಿ ಬೆರಳಿಟ್ಟು, ಅಲ್ಲಿ ಯಾವ ಚಿತ್ರ ಸಿಗುತ್ತದೋ ಅದನ್ನೇ ಕಳಿಸುತ್ತಿದ್ದಳಂತೆ. ಹೋಗದಿದ್ದರೆ ನಾವು ಗಾಬರಿ ಬಿದ್ದೇವು ಎಂದು. ಶ್ರಾವಣದ ನೇಮ ಬಂದಾಗ ಅವಳಿಗೆ ದಿನಾ ಬೆಳಗಿನ ಆ ಪರೀಕ್ಷೆ ತಪ್ಪಿತ್ತು. ಭಾಳ ಒಳ್ಳೇದಾತು ಎಂದದ್ದು ಅದಕ್ಕೆ.

ಆವತ್ತೇ ರುದ್ರೇಶನಿಗೆ ಕರೆ ಮಾಡಿದೆ. ನಾಗವೇಣಿಗೆ ಅವನೇ ತಿಳಿಸಿದ. ಮರುದಿನ ದಾವಣಗೆರೆಯ ಕಣ್ಣಿನ ಆಸ್ಪತ್ರೆಯಲ್ಲಿ ನಾಲ್ಕೂ ಕುಡಿಗಳು ಒಂದೇ ಬೆಂಚಿನ ಮೇಲೆ ಕೂತೆವು. ಹಾಗೆ ಒತ್ತೊತ್ತಾಗಿ ಕೂತು ಎಷ್ಟು ವರ್ಷವಾಗಿತ್ತೋ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ ಎಂದರು ಡಾಕ್ಟರು. ‘ಹೋಗಿದ್ದು ಬರಲ್ಲಮ್ಮ. ಇರೋದನ್ನ ಉಳಿಸ್ಕಳ್ಳೋಣ. ಇನ್ನೂ ತಡ ಆಗಿದ್ರೆ ಅದೂ ಇರ್ತಿರಲಿಲ್ಲ’ ಎಂದರು. ನಾಗವೇಣಿ ಮುಸಿಮುಸಿ ಅಳುತ್ತಿದ್ದಳು. ಅಕ್ಕ ಅವಳ ಸೆರಗನ್ನು ಬೆರಳಲ್ಲಿ ಹೊಸೆದು ನೋಡಿ, ‘ಚಲೋ ಐತೆ ಸೀರೆ, ಯಾವ ಬಣ್ಣ?’ ಎಂದು ಕೇಳಿದಳು. ರುದ್ರೇಶ ಎದ್ದು ಹೊರಗೆ ಹೋದ.

ಎಡಗಣ್ಣಿಗೆ ಆಪರೇಷನ್ ಆಯಿತು. ಹನಿ ಮದ್ದು ಬಿಡದೆ ಹಾಕುತ್ತಿದ್ದಾಳೆ, ಆ ಈಟೇ ಈಟು ಇನ್ನೂ ಉಳಿದಿದೆ.

ಇದೆಲ್ಲ ಆದ ಮೇಲೆ ನಾವು ಬದಲಾಗಿಬಿಟ್ಟೆವು ಎಂದು ಬರೆಯಲು ನನಗೂ ಆಸೆ. ಆದರೆ ಗಣೇಶ ಬರುವ ಹೊತ್ತಿಗೆ ಎಲ್ಲರೂ ಗ್ರೂಪಿಗೆ ಮರಳಿದ್ದೆವು, ಉಪವಾಸ ಮುರಿದವರು ಎಲೆಗೆ ಕೈಹಾಕುವಂತೆ. ನಾಗವೇಣಿ ‘ನಮ್ಮ ಕುಟುಂಬದ ಶ್ರಾವಣ ತ್ಯಾಗ’ ಎಂದು ಹಾಡು ಜೋಡಿಸಿ ಒಂದು ರೀಲು ಮಾಡಿ ಹಾಕಿದಳು. ನಾನು ಅದಕ್ಕೆ ಹೃದಯ ಒತ್ತಿದೆ. ಒಂದು ಮಾತ್ರ ನಿಂತಿದೆ. ಅಕ್ಕ ಬೆಳಿಗ್ಗೆ ಏನನ್ನೂ ಕಳಿಸುವುದಿಲ್ಲ. ಹಾಗಾಗಿ ಅವಳು ಹೇಗಿದ್ದಾಳೆ ಎಂದು ತಿಳಿಯಬೇಕಾದರೆ ಕರೆ ಮಾಡಬೇಕು, ಇಲ್ಲವೇ ಹೋಗಬೇಕು. ಸರದಿಯ ಮೇಲೆ ಹೋಗುತ್ತೇವೆ, ಗೊಣಗುತ್ತಾ ಹೋಗುತ್ತೇವೆ. ಬಾಗಿಲಲ್ಲಿ ನಿಂತು ಅವಳು ಕೇಳುವ ಮೊದಲೇ ಹೆಸರು ಹೇಳುತ್ತೇವೆ.

ಹೋದ ತಿಂಗಳು ಹೋದಾಗ ಆ ಚಂದ್ರನ ವಿಷಯ ಕೇಳಿದೆ. ಬೆಳ್ಳಂಬೆಳಿಗ್ಗೆ ಶುಭರಾತ್ರಿ ಕಳಿಸಿದ್ದೆಯಲ್ಲ ಅಕ್ಕ, ನೆನಪೈತಾ ಎಂದೆ. ಅವಳಿಗೆ ಗೊತ್ತೇ ಇರಲಿಲ್ಲ.

‘ಹೌದೇನೇ? ಚಂದ್ರನ್ನ ಕಳಿಸಿದ್ನಾ?’ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ‘ಗುಂಡಗೆ, ಬೆಳ್ಳಗೆ ಕಂಡಿತ್ತು. ನಾನು ಸೂರ್ಯ ಅಂತ ತಿಳ್ಕಂಡಿದ್ದೆ.’

ಈಗ ನನ್ನ ಬೆರಳು ನಿಂತಿರುವುದು ಆ ಚಂದ್ರನ ಮೇಲೆ. ಗುಲಾಬಿಗಳನ್ನು, ಗಿಳಿಗಳನ್ನು, ಬುಧವಾರದ ಹನುಮಂತನನ್ನು ಅಳಿಸಿದೆ. ಇದನ್ನು ಆಗಲಿಲ್ಲ. ಅದರ ಕೆಳಗೆ ನಗುವ ಮುಖಗಳ ಸಾಲು ಇನ್ನೂ ಇದೆ, ರುದ್ರೇಶನ ಮಾತೂ ಇದೆ. ಚಹಾದ ನೀರು ಉಕ್ಕಿ ಒಲೆ ಆರಿಹೋಗಿತ್ತು. ಮತ್ತೆ ಹಚ್ಚಲು ಬೇಸರವಾಗಿ ಅಲ್ಲೇ ನಿಂತು ಅಕ್ಕನಿಗೆ ಕರೆ ಮಾಡಿದೆ.

‘ಅಕ್ಕಾ, ಇವತ್ತು ಚಂದ್ರ ನೋಡಾದು. ಸಂಜೆ ಹೊತ್ತಿಗೆ ಅಲ್ಲಿಗೆ ಬರ್ತೀನಿ. ನಾನು ತೋರಿಸ್ತೀನಿ.’

‘ನೀನಾ? ನಿಂಗೇ ಯಾವತ್ತೂ ಕಂಡಿಲ್ಲ, ನಂಗೇನು ತೋರಿಸ್ತೀಯಾ?’

ಅವಳಿಗೆ ಗೊತ್ತಿತ್ತು. ಅಷ್ಟು ವರ್ಷವೂ ಗೊತ್ತಿದ್ದೇ ನನ್ನ ಗದ್ದ ಹಿಡಿದು ತೋರಿಸುತ್ತಿದ್ದಳು.  ಗಿರಣಿ ಶುರುವಾದ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

‘ಬಾ ಬಾ, ಸುಮ್ನೆ ತಮಾಷಿಗಂದೆ. ಕೊಬ್ಬರಿ-ಸಕ್ಕರೆ ತಗಂಬಾ’ ಎಂದಳು ಅಕ್ಕ. ‘ನೀನು ಗದ್ದ ಹಿಡಿದು ತಿರುಗ್ಸು. ಕಾಣ್ಲಿ, ಬಿಡ್ಲಿ, ನಾನೂ ಕಂಡ್ತು ಅಂತೀನಿ.’

ಸ್ಕೂಲಿಗೆ ರಜೆ ಹೇಳಿ, ಡಬ್ಬಿಗೆ ಕೊಬ್ಬರಿ ತುರಿದುಕೊಂಡು ದಾವಣಗೆರೆ ಬಸ್ಸಿಗೆ ಹೊರಟೆ.